ರೈಡರನ ಮೊಣಕಾಲಿಗೆ ಒಂಬತ್ತು ತಿಂಗಳು ಕೊಡಿ

ಮಿಶ್ರಿಕೋಟಿ, ಕಲಘಟಗಿ, ಕುಂದಗೋಳ ಕಡೆಯ ಹಳ್ಳಿಗಳಲ್ಲಿ ಹೊನಲು ಬೆಳಕಿನ ಕಬಡ್ಡಿ ಎಂದರೆ ಹಬ್ಬವೇ ಸರಿ. ಹುಬ್ಬಳ್ಳಿಯಲ್ಲೋ ಧಾರವಾಡದಲ್ಲೋ ಕಾಲೇಜು ಓದುವ ಊರ ಹುಡುಗ ರೈಡಿಗೆ ಇಳಿದರಂತೂ ಶಿಳ್ಳೆ, ಕೇಕೆ. ಈ ಸಂಭ್ರಮ ಬೇಡವೆಂದು ಯಾವ ವೈದ್ಯನೂ ಹೇಳಲಾರ. ಆದರೆ ಅದೇ ಹುಡುಗ ಮೊಣಕಾಲು ಹಿಡಿದುಕೊಂಡು ಕುಸಿದಾಗ ನಾವು ಆಡುವ ಮಾತು ಅಪಾಯಕಾರಿ: "ಏನೂ ಆಗಿಲ್ಲೋ ತಮ್ಮಾ, ಬರೇ ಉಳುಕೈತಿ. ಫೈನಲ್ ಒಂದ ಆಡಿಬಿಡು."

ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಕೀಲಿನ ಒಳಗೆ ಬಿಗಿದಿಡುವ ಅಸ್ಥಿರಜ್ಜು ಒಂದಿದೆ. ಅದಕ್ಕೆ ಎ.ಸಿ.ಎಲ್. ಎನ್ನುತ್ತಾರೆ. ಓಡಿ ಬಂದ ರೈಡರ್ ಗಕ್ಕನೆ ನಿಂತು, ಪಾದ ಊರಿಕೊಂಡೇ ಮೈ ತಿರುಗಿಸಿದಾಗ ಅದು ಹರಿಯಬಹುದು, ಯಾರೂ ಮುಟ್ಟಬೇಕೆಂದಿಲ್ಲ. 'ಟಕ್' ಎಂದ ಅನುಭವ, ಕೆಲವೇ ಗಂಟೆಗಳಲ್ಲಿ ಬಾವು, ಮುಂದೆ ತಿರುಗುವಾಗ ಮೊಣಕಾಲು ಜಾರಿದಂತಾಗುವುದು ಇದರ ಲಕ್ಷಣಗಳು. ಕೆಲವು ವಾರಗಳಲ್ಲಿ ಬಾವು ಇಳಿದು ಹುಡುಗ ನಡೆದಾಡುತ್ತಾನೆ. ಮೋಸ ಹೋಗುವುದು ಇಲ್ಲಿಯೇ. ಬಾವು ಇಳಿಯಿತೆಂದರೆ ರಜ್ಜು ಕೂಡಿತೆಂದಲ್ಲ. ಅದೇ ಕಾಲಿನಲ್ಲಿ ಆಡಿದರೆ ಕೀಲಿನೊಳಗಿನ ಮೆತ್ತೆಯಂಥ ಮೃದ್ವಸ್ಥಿಯೂ ಹರಿಯಬಹುದು. ಮುಂದೆ ಚಿಕ್ಕ ವಯಸ್ಸಿಗೇ ಕೀಲು ಸವೆಯಬಹುದು.

ಪೆಟ್ಟು ಬಿದ್ದ ಕೂಡಲೇ ಆಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜ್ ಕಟ್ಟಿ ಕಾಲನ್ನು ಎತ್ತರದಲ್ಲಿಡಿ. ತಿಕ್ಕುವುದು, ಎಳೆಯುವುದು, ಬಿಸಿ ಶಾಖ ಕೊಡುವುದು ಬೇಡ. ಮೂಳೆ ತಜ್ಞರಿಗೆ ತೋರಿಸಿ. ಅಗತ್ಯವಿದ್ದರೆ ಅವರು ಎಂ.ಆರ್.ಐ. ಮಾಡಿಸುತ್ತಾರೆ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ಮಾಡಿಸಿಕೊಂಡವರು ಮಾತ್ರ ಕನಿಷ್ಠ ಒಂಬತ್ತು ತಿಂಗಳು ವ್ಯಾಯಾಮ ಚಿಕಿತ್ಸೆ ಪಡೆದು, ಕಾಲಿನ ಬಲ ಪರೀಕ್ಷಿಸಿಕೊಂಡೇ ಅಂಗಳಕ್ಕೆ ಇಳಿಯಬೇಕು. ಅವಸರ ಮಾಡಿದರೆ ಮತ್ತೆ ಹರಿಯುವ ಸಂಭವ ಹೆಚ್ಚು.

ಪವನ್ ಸೆಹ್ರಾವತ್ ಹೆಸರನ್ನು ಬೆಂಗಳೂರು ಬುಲ್ಸ್ ಅಭಿಮಾನಿಗಳು ಮರೆತಿರಲಾರರು. 2022ರಲ್ಲಿ 2.26 ಕೋಟಿ ರೂಪಾಯಿಗೆ ತಮಿಳ್ ತಲೈವಾಸ್ ಸೇರಿದ ಈ ರೈಡರ್ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡರು. ಕೋಟಿ ಕೊಟ್ಟವರೂ ಅವರನ್ನು ಮತ್ತೆ ಆಡಿಸಲಿಲ್ಲ. ಇಡೀ ಋತು ಹೊರಗೇ ಕೂತರು. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅವರ ನಾಯಕತ್ವದಲ್ಲೇ ಭಾರತ ಚಿನ್ನ ಗೆದ್ದಿತು. ಕೋಟಿ ಬೆಲೆಯ ಆಟಗಾರನಿಗೆ ಇರುವ ವಿಶ್ರಾಂತಿ ನಮ್ಮೂರ ಹುಡುಗನಿಗೆ ಏಕಿಲ್ಲ?

ಎಲ್ಲ ಮೊಣಕಾಲುಗಳೂ ಮರಳಿ ಆಟಕ್ಕೆ ಒದಗುವುದಿಲ್ಲ ಎಂಬುದೂ ನಿಜ. ಅಮೆರಿಕದ ಫುಟ್‌ಬಾಲ್‌ನಲ್ಲಿ ಚೆಂಡನ್ನು ಅಪ್ಪಿಕೊಂಡು ಎದುರಾಳಿಗಳ ನಡುವೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ನಮ್ಮ ರೈಡರನಿಗೆ ಸರಿಸಾಟಿ. ಸೌತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಮಾರ್ಕಸ್ ಲ್ಯಾಟಿಮೋರ್ ಅಂಥವನು. 2011ರಲ್ಲಿ ಎಡ ಮೊಣಕಾಲು, 2012ರಲ್ಲಿ ಬಲ ಮೊಣಕಾಲು ಹೋಯಿತು. 2013ರಲ್ಲಿ ವೃತ್ತಿಪರ ತಂಡವೇನೋ ಆಯ್ಕೆ ಮಾಡಿಕೊಂಡಿತು. ಆದರೆ ಒಂದೂ ಪಂದ್ಯ ಆಡದೆ 2014ರಲ್ಲಿ, 23ರ ಹರೆಯದಲ್ಲಿ ನಿವೃತ್ತನಾದ. ಆದ್ದರಿಂದ ಆಟದ ಜೊತೆ ಪದವಿಯೂ ಕೈಯಲ್ಲಿರಲಿ.

ಕ್ರೀಡಾ ಕೋಟಾದಡಿ ಸೀಟು ಕೊಡುವ ಕಾಲೇಜುಗಳು ಗಾಯಗೊಂಡವನ ಚಿಕಿತ್ಸೆಯ ಹೊಣೆಯನ್ನೂ ಹೊರಬೇಕು. ವೈದ್ಯರ ಚೀಟಿಯಿಲ್ಲದೆ ಅವನನ್ನು ಆಡಿಸಕೂಡದು. ಪಂದ್ಯಾವಳಿ ನಡೆಸುವವರು ಬಹುಮಾನದ ಜೊತೆಗೆ ಮಂಜುಗಡ್ಡೆ, ಬ್ಯಾಂಡೇಜು, ಒಂದು ವಾಹನವನ್ನೂ ಸಿದ್ಧವಿಡಲಿ. ಆಟಕ್ಕೆ ಮೊದಲು 15 ನಿಮಿಷ ಮೈ ಬಿಸಿ ಮಾಡಿಕೊಂಡು, ಜಿಗಿದು ಸರಿಯಾಗಿ ಇಳಿಯುವ, ತಿರುಗುವ ಅಭ್ಯಾಸ ಮಾಡಿದರೆ ಇಂಥ ಎಷ್ಟೋ ಪೆಟ್ಟುಗಳು ತಪ್ಪುತ್ತವೆ.

ತಂದೆತಾಯಿಗಳೇ, ಕಪ್ಪು ಸಂಘದ ಕಪಾಟಿನಲ್ಲಿ ಉಳಿಯುತ್ತದೆ, ನೋವು ಮಗನ ಕಾಲಿನಲ್ಲಿ. ನಾಳೆ ಹೊಲದಲ್ಲಿ ಕುಕ್ಕರುಗಾಲಲ್ಲಿ ಕೂತು ಕಳೆ ತೆಗೆಯಬೇಕಾದ ಕಾಲೂ ಅದೇ. "ಈ ಸಲ ಆಡುವುದಿಲ್ಲ" ಎಂದು ಅವನು ಹೇಳಿದರೆ ಹೇಡಿ ಎನ್ನಬೇಡಿ. ಅವನ ಬೆನ್ನಿಗೆ ನಿಲ್ಲಿ.