ವಾಕರ್ ಕೊಟ್ಟರೆ ಕೆಲಸ ಮುಗಿಯಿತೇ?

ಸಾಧನ–ಸಲಕರಣೆ ವಿತರಣಾ ಶಿಬಿರಗಳ ಫೋಟೊ ಯಾವ ಊರಿನದಾದರೂ ಒಂದೇ ತೆರನಾಗಿರುತ್ತದೆ: ನಡುವೆ ಮಗು, ಮುಂದೆ ಮಿರುಗುವ ವಾಕರ್, ಸುತ್ತ ಗಣ್ಯರು. ವಾಕರ್‌ನ ಹಿಡಿ ಮಗುವಿನ ಸೊಂಟದ ಮಟ್ಟಕ್ಕಿದೆಯೋ ಎದೆಯ ಮಟ್ಟಕ್ಕಿದೆಯೋ ಎಂದು ನೋಡುವವರು ಕಡಿಮೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ಪಾರ್ಶ್ವವಾಯು) ಇರುವ ಮಗುವಿಗೆ ಮುಖ್ಯವಾದದ್ದು ಅದೇ.

ಮಾಮೂಲಿ ವಾಕರ್ ಕಾಲು ಮುರಿದುಕೊಂಡ ಅಜ್ಜನಿಗೆ ಸರಿ. ಸ್ನಾಯು ಬಿಗಿದು ಸೊಂಟ, ಮಂಡಿ ಬಾಗಿಸಿಯೇ ನಿಲ್ಲುವ ಮಗು ಅದರ ಮೇಲೆ ಇನ್ನಷ್ಟು ಮುಂದಕ್ಕೆ ವಾಲುತ್ತದೆ. ಹಾಗಾಗಿ ಇಂಥ ಅನೇಕ ಮಕ್ಕಳಿಗೆ ಫಿಸಿಯೊಥೆರಪಿಸ್ಟರು ಹೇಳುವುದು ರಿವರ್ಸ್ ವಾಕರ್. ಚೌಕಟ್ಟು ಬೆನ್ನ ಹಿಂದಿರುತ್ತದೆ. ಮಗು ಅದನ್ನು ಎಳೆದುಕೊಂಡು ನಡೆಯುತ್ತದೆ. ಮೊಣಕೈ ತುಸುವೇ ಬಾಗಿರುವಂತೆ ಎತ್ತರ ಹೊಂದಿಸಬೇಕು. ಮಗು ಹಿಂದಕ್ಕೆ ಒರಗಿದಾಗ ಜಾರದಂತೆ ಗಾಲಿಗೆ ತಡೆ ಇರಬೇಕು. ಮುಂದೆ ಅಡ್ಡವೇನೂ ಇಲ್ಲದ್ದರಿಂದ ಊಟದ ತಟ್ಟೆಗೋ ಕಪ್ಪುಹಲಗೆಗೋ ನೇರ ಕೈಚಾಚಬಹುದು.

ಎಲ್ಲ ಮಕ್ಕಳಿಗೂ ಇದು ಬೇಕಿಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಜ್ಞರು 1997ರಲ್ಲಿ ಪ್ರಕಟಿಸಿದ ಐದು ಹಂತಗಳ ವರ್ಗೀಕರಣದಲ್ಲಿ, ಕೈಯಲ್ಲಿ ಸಾಧನ ಹಿಡಿದು ನಡೆಯುವವರು ಮೂರನೇ ಹಂತದವರು. 2004ರಲ್ಲಿ ಮೆಲ್ಬರ್ನ್‌ನ ಮೂಳೆತಜ್ಞರು ಇನ್ನೂ ಜಾಣ ಪ್ರಶ್ನೆಯೊಂದನ್ನು ಮುಂದಿಟ್ಟರು: ಮಗು 5 ಮೀಟರ್ ಹೇಗೆ ಹೋಗುತ್ತದೆ, 50 ಮೀಟರ್ ಹೇಗೆ, 500 ಮೀಟರ್ ಹೇಗೆ? ಮನೆಯೊಳಗೆ ಗೋಡೆ ಹಿಡಿದು ನಡೆಯುವ ಮಗುವಿಗೆ ಶಾಲೆಯಲ್ಲಿ ವಾಕರ್ ಬೇಕು, ಜಾತ್ರೆಯಲ್ಲಿ ಗಾಲಿಕುರ್ಚಿ ಬೇಕು. ‘ಕುರ್ಚಿ ಕೊಟ್ಟರೆ ನಡೆಯುವುದನ್ನೇ ಬಿಡುತ್ತಾನೆ’ ಎಂಬ ಹೆತ್ತವರ ಅಳುಕು ಸಹಜವೇ. ಆದರೆ ಶಾಲೆ ಮುಟ್ಟುವಷ್ಟರಲ್ಲೇ ಸುಸ್ತಾದ ಮಗು ಪಾಠ ಕೇಳುವುದೆಂತು?

‘ಒಬ್ಬರಿಗೆ ಒಂದು ಸಾಧನ’ ಎಂಬ ಕಡತದ ಲೆಕ್ಕ ಇಲ್ಲಿ ಎಡವುತ್ತದೆ. ಮಗುವಿನ ಬೆಳವಣಿಗೆಯಾದರೂ ಕಡತಕ್ಕೆ ಕಾಯುವುದಿಲ್ಲ. ನಿಲ್ಲುವ, ನಡೆಯುವ ಸಾಮರ್ಥ್ಯದ ಸುಮಾರು ಶೇ 90ರಷ್ಟನ್ನು ಈ ಮಕ್ಕಳು ಐದು ವರ್ಷದೊಳಗೇ ಗಳಿಸಿಕೊಳ್ಳುತ್ತಾರೆ ಎಂದು 2002ರ ಕೆನಡಾದ ಅಧ್ಯಯನ ತೋರಿಸಿದೆ. ಅಂಗವಿಕಲರಿಗೆ ಸಾಧನ–ಸಲಕರಣೆ ಒದಗಿಸುವ ಕೇಂದ್ರದ ‘ಅಡಿಪ್’ ಯೋಜನೆಗೆ ಇದರ ಅರಿವಿಲ್ಲದಿಲ್ಲ. ಅದೇ ಸಾಧನವನ್ನು ಮತ್ತೆ ಪಡೆಯಲು ದೊಡ್ಡವರು ಮೂರು ವರ್ಷ ಕಾಯಬೇಕು, 12 ವರ್ಷದೊಳಗಿನ ಮಕ್ಕಳಿಗೆ ಒಂದೇ ವರ್ಷ ಸಾಕು ಎನ್ನುತ್ತದೆ ನಿಯಮ. ವರ್ಷ ತುಂಬಿದ ಮೇಲೆ ಹೋಗಿ ಅಳತೆ ನೋಡಬೇಕಾದವರು ಯಾರು ಎಂಬುದೇ ಪ್ರಶ್ನೆ.

ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ಕೈಗೆ ಅರ್ಜಿ ನಮೂನೆಯ ಜೊತೆಗೆ ಅಳತೆ ಟೇಪು, ಸ್ಪ್ಯಾನರ್, ತುಸು ತರಬೇತಿ ಕೊಡಬಹುದು. ಸವೆದ ರಬ್ಬರ್ ಬುಷ್ ಬದಲಿಸಲು, ಹಿಡಿಯನ್ನು ಒಂದು ತೂತು ಮೇಲಕ್ಕೇರಿಸಲು ಜಿಲ್ಲಾ ಕೇಂದ್ರಕ್ಕೇ ಅಲೆಯಬೇಕಿಲ್ಲ. ದುಬಾರಿ ಸಾಮಗ್ರಿಯೇ ಬೇಕೆಂದೂ ಇಲ್ಲ: ಮೆಕ್ಸಿಕೊದ ಹಳ್ಳಿಗಾಡಿನಲ್ಲಿ ದುಡಿದ ಡೇವಿಡ್ ವರ್ನರ್ 1987ರ ತಮ್ಮ ಪುಸ್ತಕದಲ್ಲಿ, ಅಂಗಳದಲ್ಲಿ ಎರಡು ಗಳು ಕಟ್ಟಿ ಮಗುವಿಗೆ ನಡಿಗೆ ಕಲಿಸುವುದನ್ನು ಚಿತ್ರ ಸಹಿತ ತೋರಿಸಿದ್ದಾರೆ.

ಶಾಲೆಯಲ್ಲೂ ಇದೇ ಟೇಪು ಹಿಡಿಯಬೇಕು. ಬಾಗಿಲಲ್ಲಿ ರ‍್ಯಾಂಪ್ ಕಟ್ಟಿಸಿದರೆ ಸಾಲದು. ಶೌಚಾಲಯದ ಬಾಗಿಲು ವಾಕರ್‌ಗಿಂತ ಅಗಲವಿದೆಯೇ, ಒಳಗೆ ಅದನ್ನು ತಿರುಗಿಸಲು ಜಾಗವಿದೆಯೇ ಎಂದು ಅಳೆದು, ಇಲ್ಲದಿದ್ದರೆ ಮುಂದಿನ ದುರಸ್ತಿ ಅಂದಾಜಿನಲ್ಲೇ ಸೇರಿಸುವುದು ಮುಖ್ಯ ಶಿಕ್ಷಕರಿಗೂ ಎಂಜಿನಿಯರ್‌ಗೂ ಕಷ್ಟದ ಕೆಲಸವಲ್ಲ.