ಬೋನು ಕೇಳೋ ಮೊದಲು ಕೋಳಿ ಗೂಡಿನ ಬಾಗಿಲು ನೋಡೋಣ

‘ಗ್ರಾಮದಲ್ಲಿ ಚಿರತೆ ಪ್ರತ್ಯಕ್ಷ, ಜನರಲ್ಲಿ ಆತಂಕ.’ ಈ ಸಾಲನ್ನು ಎಷ್ಟು ಸಲ ಟೈಪ್ ಮಾಡಿ ಕಳಿಸಿದ್ದೀನೋ ನನಗೇ ಲೆಕ್ಕ ಇಲ್ಲ. ಜೊತೆಗೆ ಹೆಜ್ಜೆ ಗುರುತಿನ ಒಂದು ಫೋಟೋ, ಬೋನು ಇಡಬೇಕು ಅಂತ ಗ್ರಾಮಸ್ಥರ ಆಗ್ರಹ, ಅರಣ್ಯ ಸಿಬ್ಬಂದಿಯಿಂದ ಸ್ಥಳ ಪರಿಶೀಲನೆ. ಅಲ್ಲಿಗೆ ಸುದ್ದಿ ಮುಗೀತು. ಆ ಹೆಜ್ಜೆ ಗುರುತಿನಿಂದ ಹತ್ತು ಮಾರು ದೂರದಲ್ಲಿ ಬಾಗಿಲೇ ಇಲ್ಲದ ಕೋಳಿ ಗೂಡು ಇತ್ತು ಅಂತ ಒಂದು ಸಲವೂ ಬರೆದಿಲ್ಲ. ಬರೆದರೆ ಊರಿನವರಿಗೆ ಬೇಜಾರು. ಮುಂದಿನ ಸಲ ಸುದ್ದಿ ಇದ್ದರೂ ಯಾರೂ ಫೋನ್ ಮಾಡಲ್ಲ.

ಈಗ ಅದು ನಮ್ಮ ಬೀದಿಗೇ ಬಂದಿದೆ. ಬರೆಯದೆ ಬೇರೆ ದಾರಿ ಇಲ್ಲ.

ನಮ್ಮದು ತುಮಕೂರು ಜಿಲ್ಲೆ. ಊರ ಹಿಂದೆ ಕಲ್ಲುಗುಡ್ಡ, ಮುಂದೆ ಕೆರೆ, ಸುತ್ತ ತೆಂಗು, ಅಡಿಕೆ. ಪಕ್ಕದ ಮನೆ ಅಕ್ಕ ಇಪ್ಪತ್ತು ನಾಟಿ ಕೋಳಿ ಸಾಕಿದ್ದಾರೆ. ಹಗಲು ಅವು ನಮ್ಮ ಹಿತ್ತಲಲ್ಲಿ ಸೊಪ್ಪಿನ ಮಡಿ ಕೆದಕುತ್ತವೆ, ಅದು ಹೋಗಲಿ ಬಿಡಿ. ರಾತ್ರಿಯದ್ದೇ ತಕರಾರು. ಒಂದಷ್ಟು ನುಗ್ಗೆ ಮರದ ಮೇಲೆ, ಒಂದಷ್ಟು ಸೌದೆ ಒಟ್ಟಿನ ಮೇಲೆ, ಉಳಿದವು ತಳ ಹರಿದ ಮಂಕರಿ ಕೆಳಗೆ. ಮಂಕರಿ ಮೇಲೆ ಒಂದು ಕಲ್ಲು. ಅದೇ ಬೀಗ, ಅದೇ ಕಾವಲು.

ಮೊದಲು ಮರಿಗಳು ಒಂದೊಂದಾಗಿ ಕಾಣೆಯಾದವು. ಆಮೇಲೆ ಒಂದು ಬೆಳಗ್ಗೆ ಐದು ಕೋಳಿ ಸತ್ತು ಬಿದ್ದಿದ್ದವು. ಎಲ್ಲದರ ಕುತ್ತಿಗೆಗೂ ಕಚ್ಚಿತ್ತು, ತಿಂದಿದ್ದು ಒಂದನ್ನು ಮಾತ್ರ. ಬೀದಿಯವರೆಲ್ಲ ಸೇರಿ ‘ಚಿರತೆ’ ಅಂತ ತೀರ್ಮಾನ ಮಾಡಿದರು. ಸ್ವಲ್ಪ ನಿಂತು ನೋಡಿದ್ದರೆ ಗೊತ್ತಾಗೋದು. ಮುಂಗುಸಿ ಇಕ್ಕಟ್ಟಿನ ಗೂಡಿಗೆ ನುಗ್ಗಿದರೆ ಹೊಟ್ಟೆಗೆ ಬೇಕಾದ್ದಕ್ಕಿಂತ ಜಾಸ್ತಿ ಕೊಲ್ಲುತ್ತದೆ. ನಾಯಿಗಳೂ ಹಾಗೇ, ಹರಿದು ಬಿಸಾಕಿ ಹೋಗುತ್ತವೆ. ಕಾಡುಬೆಕ್ಕಾದರೆ ಸಾಮಾನ್ಯವಾಗಿ ಕೋಳಿಯನ್ನೇ ಕಚ್ಚಿಕೊಂಡು ಹೋಗುತ್ತದೆ, ಪುಕ್ಕ ಮಾತ್ರ ಸಿಗುತ್ತದೆ. ಹೆಬ್ಬಾವು ನುಂಗಿದರೆ ಪುಕ್ಕವೂ ಇಲ್ಲ. ಕೆಲವು ಸಲ ಹೊಟ್ಟೆ ಊದಿ ಬಂದ ಸಂದಿಯಲ್ಲಿ ಹೊರಗೆ ಹೋಗಲಾಗದೆ ಗೂಡಲ್ಲೇ ಮಲಗಿರುತ್ತದೆ. ಚಿರತೆ ಸುಲಭಕ್ಕೆ ಸಿಕ್ಕ ಕೋಳಿ ಬಿಡಲ್ಲ ನಿಜ, ಆದರೆ ಊರೊಳಗೆ ಅದು ಹುಡುಕೋದು ಹೆಚ್ಚಾಗಿ ನಾಯಿಯನ್ನು. ಮಹಾರಾಷ್ಟ್ರದ ಅಕೋಲೆ ಕಡೆ ಹೊಲಗದ್ದೆಗಳ ನಡುವೆ ಬದುಕೋ ಚಿರತೆಗಳ ಮೇಲೆ ಅಧ್ಯಯನ ಮಾಡಿದವರಿಗೆ ಅವುಗಳ ಆಹಾರದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಕಂಡಿದ್ದು ನಾಯಿಗಳದ್ದೇ.

ಹಾಗಾದರೆ ಕೋಳಿಗೂ ಚಿರತೆಗೂ ಏನು ಸಂಬಂಧ? ಸತ್ತ ಕೋಳಿಯನ್ನು ಅಕ್ಕ ಬೇಲಿ ಆಚೆ ಎಸೆದರು. ಮಾರನೇ ರಾತ್ರಿ ಅಲ್ಲಿ ಏಳೆಂಟು ನಾಯಿ. ನಾಯಿ ಸೇರೋ ಕಡೆ ಚಿರತೆ ಸುಳಿಯೋಕೆ ಬೇರೆ ಕಾರಣ ಬೇಕಾ?

ಆದರೆ ನನ್ನನ್ನು ನಿಜವಾಗಿ ಹೆದರಿಸಿದ್ದು ಚಿರತೆ ಅಲ್ಲ. ಕೋಳಿಗೆ ಚೆಲ್ಲಿದ ನುಚ್ಚು, ಜೋಳಕ್ಕೆ ಇಲಿ ಬಂದವು. ಇಲಿಗೆ, ಮೊಟ್ಟೆಗೆ, ಮರಿಗೆ ನಾಗರಹಾವು ಬಂತು. ಬಂದಿದ್ದು ಅವರ ಗೂಡಿಗೆ, ಮಲಗಿದ್ದು ನಮ್ಮ ಬಚ್ಚಲ ಸೌದೆಯಲ್ಲಿ. ಬೆಳಗ್ಗೆ ಹಂಡೆ ಒಲೆಗೆ ಸೌದೆ ಎಳೆದ ನಮ್ಮಮ್ಮನ ಕೈಗೂ ಅದಕ್ಕೂ ಒಂದು ಮೊಳ ಅಂತರ ಇತ್ತು. ಹಾವು ಹಿಡಿಯೋರು ಬಂದು ಹಿಡಿದುಕೊಂಡು ಹೋದರು. ಅಮ್ಮ ಎರಡು ದಿನ ಬಚ್ಚಲಿಗೆ ಕಾಲಿಡಲಿಲ್ಲ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ನಮ್ಮ ರಾಜ್ಯ ಸರ್ಕಾರ 2024ರಲ್ಲಿ ಆದೇಶ ಮಾಡಿತಲ್ಲ, ಅದು ಸುಮ್ಮನೆ ಮಾಡಿದ್ದಲ್ಲ.

ಅವತ್ತು ಸಂಜೆ ಅಕ್ಕನ ಹತ್ತಿರ ಹೋಗಿ ಹೇಳಿದೆ.

‘ಅಕ್ಕ, ಕೋಳಿನ ರಾತ್ರಿ ಹೊತ್ತು ಒಳಗ್ ಕೂಡಬಾರ್ದಾ?’

‘ಕಾಡ್ ಪ್ರಾಣಿ ಬಂದ್ರೆ ನಾನೇನ್ ಮಾಡ್ಲಪ್ಪ? ಫಾರೆಸ್ಟ್‌ನೋರ್ನ ಕೇಳು. ಪೇಪರ್‌ನಾಗೆ ಬರೀತೀಯಲ್ಲ, ಬರಿ.’

ಬರೀತಿದ್ದೀನಿ ಅಕ್ಕ. ಬೈಕೋಬೇಡಿ.

ಹಿಂದೆ ಒಬ್ಬರ ದನ ಇನ್ನೊಬ್ಬರ ಹೊಲ ಮೇಯ್ದರೆ ದೊಡ್ಡಿಗೆ ಹೊಡೀತಿದ್ದರು. ದನದವನು ದಂಡ ಕಟ್ಟಿ ಬಿಡಿಸಿಕೊಳ್ಳಬೇಕಿತ್ತು. ದನ ನಿನ್ನದು, ಹಾಗಾಗಿ ಅದು ಮಾಡಿದ ನಷ್ಟವೂ ನಿನ್ನದು ಅನ್ನೋದನ್ನು ಊರು ಒಪ್ಪಿತ್ತು. ಕೋಳಿ ವಿಷಯಕ್ಕೆ ಬಂದರೆ ಮಾತ್ರ ‘ಸತ್ತಿದ್ದು ನಂದು, ನಿನಗೇನು ನಷ್ಟ?’ ಅಂತ ಕೇಳುತ್ತೇವೆ. ನನ್ನ ಪ್ರಕಾರ ಇದು ತಪ್ಪು. ಕೋಳಿ ಅವರದ್ದು, ಆದರೆ ಅದನ್ನು ಹುಡುಕಿ ಬರೋದಕ್ಕೆ ಯಾರ ಮನೆ ಗೋಡೆ ಎಲ್ಲಿ ಅಂತ ಗೊತ್ತಿಲ್ಲ. 2019-20ರಲ್ಲಿ ನಮ್ಮ ಜಿಲ್ಲೆಯಲ್ಲೇ ಚಿರತೆ ದಾಳಿಗೆ ಜನ ಸತ್ತರು. ಅವರಲ್ಲಿ ಸಣ್ಣ ಮಕ್ಕಳೂ ಇದ್ದರು. ಆ ಸಾವುಗಳಿಗೆ ಯಾರ ಕೋಳಿಯೂ ಕಾರಣ ಅಂತ ನಾನು ಹೇಳುತ್ತಿಲ್ಲ. ಆ ದಿನಗಳನ್ನು ನೋಡಿದವರು ಮನೆ ಪಕ್ಕದಲ್ಲೇ ರಾತ್ರಿ ಊಟ ಬಡಿಸಿ ಇಡಬಾರದು ಅಂತ ಹೇಳುತ್ತಿದ್ದೀನಿ.

ಬೋನು ಇಟ್ಟರೆ ಸರಿಹೋಗುತ್ತದೆ ಅನ್ನೋರಿಗೆ ಒಂದು ಮಾತು. ಮಹಾರಾಷ್ಟ್ರದ ಜುನ್ನರ್ ಭಾಗದಲ್ಲಿ 2001ರಿಂದ ಚಿರತೆಗಳನ್ನು ಹಿಡಿದು ಹಿಡಿದು ಬೇರೆ ಕಡೆ ಬಿಟ್ಟರು. ಆಮೇಲೆ ಮನುಷ್ಯರ ಮೇಲಿನ ದಾಳಿ ಕಮ್ಮಿ ಆಗಲಿಲ್ಲ, ಜಾಸ್ತಿ ಆಯಿತು. ಇದ್ದ ಚಿರತೆ ಹೋದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಅಲ್ಲದೆ ಬೋನಿನೊಳಗೆ ಆಸೆಗೆ ಏನು ಕಟ್ಟುತ್ತಾರೆ? ನಾಯಿ, ಮೇಕೆ, ಕೋಳಿ. ನಮ್ಮ ಬೀದಿಯಲ್ಲಿ ಅದೆಲ್ಲ ಬೋನಿಲ್ಲದೆಯೇ ಇದೆ.

ಇನ್ನೊಂದು ಕಡೆಯಿಂದ ಬಂದ ಪರಿಹಾರ ಇದಕ್ಕಿಂತ ಕೆಟ್ಟದ್ದು. ಎದುರು ಮನೆ ಅಣ್ಣ ಕುರಿ ಸಾಕಿದ್ದಾರೆ, ಅವರಿಗೂ ಭಯ. ‘ಒಂದ್ ಸತ್ತ ಕೋಳಿ ಕೊಡಿ, ಹುಳಿನ್ ಔಸ್ದಿ ಸವರಿ ಬೇಲಿತಾವ ಮಡಗ್ತೀನಿ’ ಅಂದರು. ಡಬ್ಬಿ ಕೈಯಲ್ಲೇ ಇತ್ತು. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ ಸತ್ತಿದ್ದು ಹೀಗೇ, ವಿಷ ಹಾಕಿದ ಹಸುವಿನ ಮಾಂಸ ತಿಂದು. ಜನ ಅರೆಸ್ಟ್ ಆದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿರತೆ, ಹೆಬ್ಬಾವು ಎರಡೂ ಮೊದಲ ಅನುಸೂಚಿಯಲ್ಲಿವೆ, ಕೊಂದರೆ ಜೈಲು. ಕಾನೂನು ಹಾಗಿರಲಿ, ವಿಷ ಸವರಿದ ಕೋಳಿಯನ್ನು ಚಿರತೆಯೇ ಬಂದು ತಿನ್ನುತ್ತದೆ ಅಂತ ಯಾವ ಗ್ಯಾರಂಟಿ? ಮೊದಲು ಸಾಯೋದು ಅಣ್ಣನ ಕುರಿ ಕಾಯೋ ನಾಯಿ. ಇದನ್ನು ಹೇಳಿದ ಮೇಲೆ ಡಬ್ಬಿ ಒಳಗೆ ಹೋಯಿತು. ಬೇಲಿಗೆ ಕರೆಂಟು ಬಿಡೋದು, ಉರುಳು ಕಟ್ಟೋದು ಕೂಡ ಇದೇ ಜಾತಿಯ ಬುದ್ಧಿ. ಕರೆಂಟಿಗೆ ಚಿರತೆಯೂ ಒಂದೇ, ರಾತ್ರಿ ನೀರು ಹಾಯಿಸೋಕೆ ಹೋದ ಮಗನೂ ಒಂದೇ.

ಹಾಗಂತ ಅಕ್ಕನ ಮೇಲೆ ಪಂಚಾಯಿತಿಗೆ ಅರ್ಜಿ ಹಾಕಬೇಕಾ? ಕೆಲವರು ಹಾಕು ಅಂದರು. ನನಗೆ ಮನಸ್ಸು ಬರಲಿಲ್ಲ. ಆ ಕೋಳಿಗಳೇ ಅವರ ಸಂಘದ ಕಂತು, ಮಗಳ ಬಸ್ ಪಾಸು. ಮೇಲಾಗಿ ಅಂಗಡಿಯ ಕೋಳಿ ಕಸವನ್ನು ಮೂಟೆಗಟ್ಟಲೆ ಕೆರೆ ಏರಿ ಮೇಲೆ ಸುರಿಯೋರನ್ನು ಯಾರೂ ಕೇಳಲ್ಲ. ನಾಯಿ ಹಿಂಡು ಬೆಳೆದಿದ್ದೇ ಅಲ್ಲಿ. ಅವರನ್ನು ಬಿಟ್ಟು ಇಪ್ಪತ್ತು ಕೋಳಿ ಸಾಕಿದ ಹೆಂಗಸಿಗೆ ನೋಟಿಸ್ ಕೊಡಿಸೋದು ಸುಲಭ, ಅದಕ್ಕೇ ಅದು ಬೇಡ.

ಕೊನೆಗೆ ನಾನು, ಎದುರು ಮನೆ ಅಣ್ಣ ಸೇರಿ ಗೂಡು ಕಟ್ಟಿಕೊಟ್ಟೆವು. ಹಳೇ ಮನೆಯ ರೀಪರ್, ಎರಡು ಶೀಟು ಇದ್ದವು. ಕೊಂಡಿದ್ದು ಮೆಶ್, ಕೀಲು, ಚಿಲಕ ಮಾತ್ರ. ಖರ್ಚು ಎರಡು ಸಾವಿರದ ಆಚೀಚೆ, ಅಂದರೆ ನಾಲ್ಕು ನಾಟಿ ಹುಂಜದ ದುಡ್ಡು. ಅಂಗಡಿಯವರು ಮೊದಲು ಕೊಡೋದು ಆರು ಮೂಲೆ ಕಣ್ಣಿನ ತೆಳು ಬಲೆ. ಅದು ಕೋಳಿ ಹೊರಗೆ ಹೋಗದ ಹಾಗೆ ತಡೆಯುತ್ತದೆ ಅಷ್ಟೇ, ನಾಯಿ ಹಲ್ಲಿಗೆ ನಿಲ್ಲಲ್ಲ. ಅರ್ಧ ಇಂಚಿನ ವೆಲ್ಡ್ ಮೆಶ್ ಕೇಳಿ ತನ್ನಿ. ಕಣ್ಣು ದೊಡ್ಡದಾದರೆ ಇಲಿ, ಸಣ್ಣ ಹಾವು ನುಗ್ಗುತ್ತವೆ. ಗೂಡಿನ ಸುತ್ತ ಮೆಶ್ಶನ್ನು ಒಂದಡಿ ಮಣ್ಣಲ್ಲಿ ಹೂಳಿ, ಇಲ್ಲವೇ ತಳಕ್ಕೆ ಚಪ್ಪಡಿ ಹಾಸಿ. ಮುಂಗುಸಿ, ನಾಯಿ ಕೆರೆದುಕೊಂಡು ಬರೋದು ಕೆಳಗಿಂದಲೇ. ಮೇಲ್ಭಾಗವನ್ನು ಬಿಡಬೇಡಿ, ಪುನುಗು ಬೆಕ್ಕು ಮರದಿಂದ ಇಳಿಯುತ್ತದೆ. ಬಾಗಿಲಿಗೆ ದಾರ ಕಟ್ಟಬೇಡಿ, ಚಿಲಕ ಇರಲಿ. ಸಂಜೆ ಮೊಟ್ಟೆ ತೆಗೆದುಬಿಡಿ, ಚೆಲ್ಲಿದ ಕಾಳು ಗುಡಿಸಿ, ಸತ್ತಿದ್ದನ್ನು ಆಳವಾಗಿ ಹೂಳಿ. ಸೌದೆ ಒಟ್ಟು ಗೂಡಿಗೂ ಬಚ್ಚಲಿಗೂ ದೂರ ಇರಲಿ.

ನರೇಗಾದಲ್ಲಿ ಇಷ್ಟು ವರ್ಷ ದನದ ಕೊಟ್ಟಿಗೆ, ಕುರಿ ಶೆಡ್ ಜೊತೆಗೆ ಕೋಳಿ ಶೆಡ್ಡಿಗೂ ಅವಕಾಶ ಇತ್ತು. ನಾನು ತಿರುಗಾಡಿದ ಊರುಗಳಲ್ಲಿ ಕೊಟ್ಟಿಗೆ ಕಂಡಿದ್ದೀನಿ, ಕೋಳಿ ಶೆಡ್ ಕಂಡಿದ್ದು ನೆನಪಿಲ್ಲ. ಈಗ ಏನಿದೆ ಅಂತ ನಿಮ್ಮ ಪಿಡಿಒ ಅವರನ್ನು ಗ್ರಾಮಸಭೆಯಲ್ಲೇ, ನಾಲ್ಕು ಜನರ ಎದುರು ಕೇಳಿ. ಚಿರತೆ ಕಂಡರೆ ಅರಣ್ಯ ಸಹಾಯವಾಣಿ 1926. ಹಾವು ಕಚ್ಚಿದರೆ ಮಂತ್ರ, ನಾಟಿ ಔಷಧಿ ಅಂತ ಕೂರದೆ 108ಕ್ಕೆ ಫೋನ್ ಮಾಡಿ.

ಗೂಡು ಕಟ್ಟಿ ಮೂರು ವಾರ ಆಯಿತು. ಕೋಳಿ ಬುದ್ಧಿವಂತ ಪ್ರಾಣಿ, ಕತ್ತಲಾಗುತ್ತಿದ್ದ ಹಾಗೆ ಹೆಚ್ಚಿನವು ತಾವೇ ಒಳಗೆ ಹೋಗುತ್ತವೆ. ಚಿಲಕ ಹಾಕೋದಷ್ಟೇ ಅಕ್ಕನ ಕೆಲಸ. ಒಂದು ಹಳೇ ಹ್ಯಾಟೆ ಮಾತ್ರ ಇನ್ನೂ ನುಗ್ಗೆ ಮರ ಬಿಟ್ಟಿಲ್ಲ. ದಿನಾ ಸಂಜೆ ಅಕ್ಕ ಗಳ ಹಿಡಿದು ಅದನ್ನು ಇಳಿಸುತ್ತಾರೆ, ಇಳಿಸುವಾಗ ನನ್ನ ಹೆಸರಿಡಿದು ಬೈಯುತ್ತಾರೆ. ಕೇಳಿಸಿಕೊಂಡು ಒಳಗೆ ಕೂತಿರುತ್ತೀನಿ.