ಹುಳು ತಿಂದ ಅಣಬೆ ನಾವೂ ತಿನ್ನಬಹುದೇ?

ಮಳೆಗಾಲ ಶುರುವಾದರೆ ಮಲೆನಾಡು, ಕರಾವಳಿ ಕಡೆ ಕಾಡು ಅಣಬೆಯ ಮಾತೂ ಶುರುವಾಗುತ್ತದೆ. ವರ್ಷಗಟ್ಟಲೆ ಹುತ್ತದ ಅಣಬೆ ಕಿತ್ತು ಪಳಗಿದ ಹಿರಿಯರ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಇರುವುದು ನಮ್ಮಂಥವರ ಬಗ್ಗೆ. ನಮಗೆ ಆ ಅನುಭವ ಇಲ್ಲ, ಕೇಳಿದ ಮಾತುಗಳು ಮಾತ್ರ ಇವೆ: ಹುಳು ತಿಂದಿದ್ದರೆ ವಿಷವಿಲ್ಲ, ಬೆಳ್ಳಿ ನಾಣ್ಯ ಕಪ್ಪಾಗದಿದ್ದರೆ ವಿಷವಿಲ್ಲ, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ. ಈ ಮೂರನ್ನೂ ನಂಬುವಂತಿಲ್ಲ.

ಅಮಾನಿಟಾ ಗುಂಪಿನ ಕೆಲವು ಅಣಬೆಗಳ ವಿಷ ಬೇಯಿಸಿದರೂ ಹೋಗುವುದಿಲ್ಲ. ತಿಂದು ಆರು ಗಂಟೆಯಾದರೂ ಸಾಮಾನ್ಯವಾಗಿ ಏನೂ ಅನಿಸುವುದಿಲ್ಲ. ಆಮೇಲೆ ವಾಂತಿ, ಭೇದಿ. ನಡುವೆ ವಾಸಿಯಾದಂತೆ ಕಾಣುತ್ತದೆ, ಆದರೆ ಒಳಗೆ ಲಿವರ್ ಹಾಳಾಗುತ್ತಿರುತ್ತದೆ. 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡು ಅಣಬೆ ತಿಂದು ಹಲವರು ಪ್ರಾಣ ಕಳೆದುಕೊಂಡರು.

ಆದ್ದರಿಂದ ನನ್ನ ಅಭಿಪ್ರಾಯ ಇದು: ಸೈನ್ಸ್ ಇರಲಿ, ಕಾಮರ್ಸ್ ಇರಲಿ, ಆರ್ಟ್ಸ್ ಇರಲಿ, ನಮ್ಮ ಕಾಲೇಜಿನ ಪ್ರತಿಯೊಬ್ಬರೂ ಬೀಜಕದ ಅಚ್ಚು ತೆಗೆಯುವುದನ್ನು ಕಲಿಯಬೇಕು.

ನಾವು ನೋಡುವ ಕೊಡೆ ಅಣಬೆಯ ಹಣ್ಣು ಇದ್ದಂತೆ. ಅದರ ನಿಜವಾದ ದೇಹ ಮಣ್ಣಿನಲ್ಲೋ ಕೊಳೆತ ಮರದಲ್ಲೋ ಹರಡಿದ ಬಿಳಿ ಎಳೆಗಳು. ಕೊಡೆಯ ಕೆಳಗಿನ ಪದರಗಳಿಂದ ಬೀಜಕಗಳು ಉದುರಿ ಗಾಳಿಯಲ್ಲಿ ಹೋಗುತ್ತವೆ. ತೇವ ಸಿಕ್ಕಲ್ಲಿ ಮೊಳೆತು ಎಳೆಯಾಗುತ್ತವೆ. ಹೆಚ್ಚಿನ ಅಣಬೆಗಳಲ್ಲಿ ಹೊಂದಿಕೆಯಾಗುವ ಎರಡು ಎಳೆಗಳು ಕೂಡಿದ ಮೇಲೆಯೇ ಹೊಸ ಕೊಡೆ ಏಳುತ್ತದೆ. ಒಂದು ಬೀಜಕ ಬರಿಗಣ್ಣಿಗೆ ಕಾಣದು. ಲಕ್ಷಗಟ್ಟಲೆ ಸೇರಿದಾಗ ಬಣ್ಣ ಕಾಣುತ್ತದೆ. ಸ್ವೀಡನ್ನಿನ ಎಲಿಯಾಸ್ ಫ್ರೀಸ್ 1821ರಲ್ಲೇ ಈ ಬಣ್ಣ ನೋಡಿ ಅಣಬೆಗಳನ್ನು ವಿಂಗಡಿಸಿದ್ದರು.

ಅಚ್ಚು ತೆಗೆಯುವುದು ಸುಲಭ. ಬಿರಿದ ಅಣಬೆಯ ಕಾಂಡ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಕೊಡೆಯನ್ನು ಪದರ ಕೆಳಗೆ ಬರುವಂತೆ ಇಟ್ಟು, ಗ್ಲಾಸ್ ಮುಚ್ಚಿ ರಾತ್ರಿ ಬಿಡಬೇಕು. ಕೈ ತೊಳೆದುಕೊಳ್ಳಬೇಕು. ಬೆಳಿಗ್ಗೆ ಬಟನ್ ಅಣಬೆಯಾದರೆ ಚಾಕೊಲೇಟ್ ಕಂದು, ಹುತ್ತದ ಅಣಬೆಯಾದರೆ ತಿಳಿ ಗುಲಾಬಿ ಅಚ್ಚು ಸಿಗುತ್ತದೆ. ಹುಲ್ಲುಹಾಸಿನಲ್ಲಿ ಏಳುವ ದೊಡ್ಡ ಬಿಳಿ ಕೊಡೆಯೊಂದಿದೆ. ಎಳೆಯದಿದ್ದಾಗ ಅದರ ಪದರವೂ ಬಿಳಿ, ನೋಡಿದರೆ ತಿನ್ನುವ ಅಣಬೆಯಂತೆಯೇ ಇರುತ್ತದೆ. ಅಚ್ಚು ಮಾತ್ರ ಹಸಿರು. ತಿಂದವರಿಗೆ ವಾಂತಿ ಖಚಿತವೆನ್ನಬಹುದು.

ಆದರೆ ಅಚ್ಚು ಕೂಡ ತಿನ್ನಲು ಪರವಾನಗಿಯಲ್ಲ. ಸಿಂಪಿ ಅಣಬೆಯ ಅಚ್ಚು ಬಿಳಿ, ಕೊಲ್ಲುವ ಅಮಾನಿಟಾದ್ದೂ ಬಿಳಿ. ವೋಚರ್ ಇಲ್ಲದ ಖರ್ಚನ್ನು ನಾವು ಲೆಕ್ಕಕ್ಕೆ ಸೇರಿಸುವುದಿಲ್ಲ. ವೋಚರ್ ಇದ್ದರೂ ಆಡಿಟರ್ ಬೇರೆ ದಾಖಲೆ ಕೇಳುತ್ತಾರೆ. ಹಾಗೆಯೇ ಅಚ್ಚು "ಇದು ಬೇಡ" ಎನ್ನಬಲ್ಲದು, "ಇದು ಸರಿ" ಎನ್ನಲಾರದು.

ಹೆಸರನ್ನೂ ನಂಬುವಂತಿಲ್ಲ. ಹದೀಸಿನಲ್ಲಿ ಹೊಗಳಿರುವ "ಕಮ್‌ಅ" ಉರ್ದು ಅನುವಾದದಲ್ಲಿ "ಖುಂಬಿ" ಆಗಿದೆ. ನಮ್ಮ ಮನೆಗಳಲ್ಲಿ ಖುಂಬಿ ಎಂದರೆ ಎಲ್ಲ ಅಣಬೆಯೂ ಹೌದು. ಆದರೆ ಕಮ್‌ಅ ಮರುಭೂಮಿಯ ನೆಲದೊಳಗೆ ಬೆಳೆಯುವ ಗಡ್ಡೆಯಂಥದ್ದು, ಅದರ ಬೀಜಕಗಳು ಒಳಗೇ ಇರುತ್ತವೆ. ಆ ಹೊಗಳಿಕೆಯನ್ನು ನಮ್ಮ ಬೇಲಿಯ ಬಿಳಿ ಕೊಡೆಗೆ ಅಂಟಿಸಬಾರದು.

ಈ ಮಳೆಗಾಲದಲ್ಲಿ ಬಯಾಲಜಿ ಲ್ಯಾಬ್ ಒಂದು ಮಧ್ಯಾಹ್ನ ಎಲ್ಲರಿಗೂ ತೆರೆದಿರಲಿ ಎಂದು ಪ್ರಾಂಶುಪಾಲರಲ್ಲಿ ನನ್ನ ವಿನಂತಿ. ಬೇಕಾಗುವುದು ಕಾಗದ ಮತ್ತು ಗ್ಲಾಸ್ ಅಷ್ಟೇ. ಅಚ್ಚುಗಳನ್ನು ನೋಟಿಸ್ ಬೋರ್ಡಿಗೆ ಹಾಕೋಣ. ಗೊತ್ತಿಲ್ಲದ ಅಣಬೆಯನ್ನು ಮಾತ್ರ ಯಾರೂ ಅಡುಗೆಮನೆಗೆ ಒಯ್ಯುವುದು ಬೇಡ.